ಆಸ್ತಿಕರೂ ನಾಸ್ತಿಕರೂ: ಪರಸ್ಪರ ಗೌರವದ ಪಾಠ



ಗ್ರಹಣದ ದಿನ ಅನೇಕ ಮನೆಗಳಲ್ಲಿ ನಡೆಯುವ ಒಂದು ಸಂಗತಿಯಿಂದ ಈ ಪಾಠವನ್ನು ಆರಂಭಿಸೋಣ. ಅಜ್ಜಿಯು ಹಾಲು ಮೊಸರುಗಳ ಪಾತ್ರೆಗಳ ಮೇಲೆ ದರ್ಭೆಯನ್ನಿಟ್ಟು, ಗ್ರಹಣ ಬಿಡುವವರೆಗೆ ಉಪವಾಸವಿದ್ದು ಜಪಮಾಡುತ್ತ ಕುಳಿತಿರುತ್ತಾಳೆ. ಸೂರ್ಯ, ಚಂದ್ರ, ಭೂಮಿಗಳ ಚಲನೆಯ ಪಾಠವನ್ನು ಶಾಲೆಯಲ್ಲಿ ಕಲಿತು ಬಂದ ಮೊಮ್ಮಗನು ಅದನ್ನು ಕಂಡು, "ಇದೆಲ್ಲ ಬರಿಯ ನೆರಳಾಟ ಅಜ್ಜೀ, ನಿನ್ನ ದೇವರಿಗೂ ಇದಕ್ಕೂ ಏನು ಸಂಬಂಧ?" ಎಂದು ನಗುತ್ತಾನೆ. ಅಜ್ಜಿಯ ಮುಖ ಬಾಡುತ್ತದೆ. ತಂದೆಯು ಕೋಪಗೊಂಡು, "ಹಿರಿಯರಿಗೆ ಎದುರಾಡಬೇಡ" ಎಂದು ಗದರಿಸಿ ಹುಡುಗನ ಬಾಯಿ ಮುಚ್ಚಿಸುತ್ತಾನೆ. ಗ್ರಹಣ ಬಿಟ್ಟಮೇಲೆ ಎಲ್ಲರೂ ಸ್ನಾನಮಾಡಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೂ ಮಾತು ಮಾತ್ರ ನಿಂತುಹೋಗಿರುತ್ತದೆ.

ಗ್ರಹಣದ ಕಾರಣವನ್ನು ಕುರಿತು ಹುಡುಗನು ಹೇಳಿದುದು ಸರಿಯಾಗಿಯೇ ಇತ್ತು. ಆದರೆ ಆ ಸರಿಯಾದ ಮಾತನ್ನು ಅವನು ನಗೆಯೊಡನೆ ಬೆರಸಿದನು. ತಂದೆಯು ಅದಕ್ಕೆ ಗದರಿಕೆಯಿಂದ ಉತ್ತರಕೊಟ್ಟನು. ಒಬ್ಬನೂ ಏನನ್ನೂ ಹೊಸದಾಗಿ ತಿಳಿಯಲಿಲ್ಲ. ದೇವರನ್ನು ನಂಬುವವರೂ ನಂಬದವರೂ ಒಂದೇ ಮನೆಯಲ್ಲಿ, ಒಂದೇ ಊರಿನಲ್ಲಿ, ಒಂದೇ ದೇಶದಲ್ಲಿ ಬಾಳಬೇಕಾಗಿರುವಾಗ ಅವರು ಹೇಗೆ ಮಾತನಾಡಬೇಕು? ಇದೇ ಈ ಪಾಠದ ವಿಷಯ.

ಪದಗಳ ಅರ್ಥ

'ಅಸ್ತಿ' ಎಂದರೆ 'ಇದೆ', 'ನಾಸ್ತಿ' ಎಂದರೆ 'ಇಲ್ಲ'. ಈ ಎರಡು ಸಂಸ್ಕೃತ ಪದಗಳಿಂದ ಆಸ್ತಿಕ, ನಾಸ್ತಿಕ ಎಂಬ ಶಬ್ದಗಳು ಹುಟ್ಟಿವೆ. ಇಂದು ನಾವು ದೇವರನ್ನು ನಂಬುವವನನ್ನು ಆಸ್ತಿಕನೆಂದೂ, ನಂಬದವನನ್ನು ನಾಸ್ತಿಕನೆಂದೂ ಕರೆಯುತ್ತೇವೆ. ಆದರೆ ನಮ್ಮ ಹಿಂದಿನ ದರ್ಶನಕಾರರು ಈ ಶಬ್ದಗಳನ್ನು ಬೇರೆ ಅರ್ಥದಲ್ಲಿ ಬಳಸಿದರು. ವೇದವನ್ನು ಪ್ರಮಾಣವೆಂದು ಒಪ್ಪಿದವರು ಆಸ್ತಿಕರು, ಒಪ್ಪದವರು ನಾಸ್ತಿಕರು ಎಂಬುದು ಅವರ ವಿಂಗಡಣೆಯಾಗಿತ್ತು. ಈ ಲೆಕ್ಕದಲ್ಲಿ ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪದ ಪ್ರಾಚೀನ ಸಾಂಖ್ಯರೂ ಮೀಮಾಂಸಕರೂ ಆಸ್ತಿಕರೆನಿಸಿದರು. ಅಹಿಂಸೆ, ತಪಸ್ಸು, ದಯೆಗಳನ್ನೇ ಬಾಳಿನ ಉಸಿರಾಗಿ ಮಾಡಿಕೊಂಡ ಜೈನರೂ ಬೌದ್ಧರೂ ನಾಸ್ತಿಕರ ಪಂಕ್ತಿಗೆ ಸೇರಿದರು.

ಇದರಿಂದ ನಾವು ಒಂದು ವಿಷಯವನ್ನು ಗಮನಿಸಬೇಕು. 'ನಾಸ್ತಿಕ' ಎಂಬುದು ಬೈಗಳಲ್ಲ; 'ಆಸ್ತಿಕ' ಎಂಬುದು ಸದ್ಗುಣದ ಪ್ರಶಸ್ತಿಪತ್ರವೂ ಅಲ್ಲ. ಅವು ಒಬ್ಬನ ಅಭಿಪ್ರಾಯವನ್ನು ಹೇಳುತ್ತವೆಯೇ ಹೊರತು ಅವನ ನಡತೆಯನ್ನು ಹೇಳುವುದಿಲ್ಲ.

ಮಾತಿನ ಮೂರು ಬಗೆ

ನಮ್ಮ ದೇಶದ ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರು ವಿಧವಾಗಿ ವಿಂಗಡಿಸಿದೆ. ಸತ್ಯವನ್ನು ತಿಳಿಯಬೇಕೆಂಬ ಇಚ್ಛೆಯಿಂದ ಇಬ್ಬರು ನಡೆಸುವ ಮಾತು 'ವಾದ'. ಹೇಗಾದರೂ ಗೆಲ್ಲಬೇಕೆಂಬ ಹಟದಿಂದ ನಡೆಸುವ ಮಾತು 'ಜಲ್ಪ'. ತನ್ನದೆಂಬ ಯಾವ ಪಕ್ಷವನ್ನೂ ಸ್ಥಾಪಿಸದೆ ಎದುರಾಳಿಯ ಮಾತನ್ನು ಕೆಡವುವುದಷ್ಟನ್ನೇ ಗುರಿಯಾಗಿಟ್ಟುಕೊಂಡ ಮಾತು 'ವಿತಂಡ'. ವಿತಂಡವಾದವೆಂಬ ಮಾತು ಕನ್ನಡದಲ್ಲಿಯೂ ರೂಢಿಯಾಗಿದೆಯಷ್ಟೆ.

ಗೆಲ್ಲುವ ಹಟ ಹಿಡಿದವನು ಬಳಸುವ ಉಪಾಯಗಳಲ್ಲಿ 'ಛಲ'ವೂ ಒಂದು. ಎದುರಾಳಿಯು ಒಂದರ್ಥದಲ್ಲಿ ಆಡಿದ ಮಾತಿಗೆ ಬೇರೊಂದು ಅರ್ಥವನ್ನು ಹಚ್ಚಿ ಅವನನ್ನು ಸೋಲಿಸಿದೆನೆಂದು ಬೀಗುವುದೇ ಛಲ. ಇದಕ್ಕೆ ಶಾಸ್ತ್ರಕಾರರು ಕೊಡುವ ಉದಾಹರಣೆ ಬಹು ಸೊಗಸಾಗಿದೆ. ಒಬ್ಬನು 'ನವಕಂಬಳ'ವನ್ನು ಹೊದ್ದಿದ್ದಾನೆ ಎಂದು ಯಾರೋ ಹೇಳಿದರು. ಹೊಸ ಕಂಬಳಿ ಎಂದು ಅವರ ಅಭಿಪ್ರಾಯ. ಕೇಳಿದವನು, "ಒಂಬತ್ತು ಕಂಬಳಿಗಳೆಲ್ಲಿವೆ? ಒಂದೇ ಇದೆಯಲ್ಲ!" ಎಂದನು. 'ನವ' ಎಂಬ ಶಬ್ದಕ್ಕೆ ಹೊಸದು, ಒಂಬತ್ತು ಎಂಬ ಎರಡು ಅರ್ಥಗಳಿರುವುದರಿಂದ ಈ ಚೇಷ್ಟೆ ಸಾಧ್ಯವಾಯಿತು. ಇದರಿಂದ ಕಂಬಳಿಯ ವಿಷಯದಲ್ಲಿ ಯಾರ ಜ್ಞಾನವೂ ಹೆಚ್ಚಲಿಲ್ಲ.

ಇದಕ್ಕೆ ವಿರುದ್ಧವಾದ ಒಳ್ಳೆಯ ಸಂಪ್ರದಾಯವೊಂದೂ ನಮ್ಮಲ್ಲಿದೆ. ಅದೇ 'ಪೂರ್ವಪಕ್ಷ'. ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ಮತವನ್ನು ಅವನೇ ಹೇಳಿದಂತೆ ಮುಂದಿಡಬೇಕೆಂಬುದು ಇದರ ನಿಯಮ. ವಿಜಯನಗರದ ಕಾಲದಲ್ಲಿ, ಕ್ರಿ. ಶ. ೧೪ನೆಯ ಶತಮಾನದಲ್ಲಿ ಮಾಧವಾಚಾರ್ಯರು ರಚಿಸಿದ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯವೇ ಚಾರ್ವಾಕ ದರ್ಶನ. ದೇವರು, ಪರಲೋಕ, ವೇದಪ್ರಾಮಾಣ್ಯ ಇವೆಲ್ಲವನ್ನೂ ಅಲ್ಲಗಳೆದ ಚಾರ್ವಾಕರ ಮತವನ್ನು ವೇದಾಂತಿಗಳಾದ ಗ್ರಂಥಕಾರರು ಬಿಟ್ಟುಬಿಡಲಿಲ್ಲ. ತಾವು ಒಪ್ಪದ ಮತಕ್ಕೆ ಗ್ರಂಥದ ಬಾಗಿಲಲ್ಲೇ ಸ್ಥಾನಕೊಟ್ಟರು. ಚಾರ್ವಾಕರ ವಿಷಯವಾಗಿ ಇಂದು ನಮಗೆ ತಿಳಿದಿರುವುದರಲ್ಲಿ ಬಹುಭಾಗವು ಅವರನ್ನು ಒಪ್ಪದವರ ಗ್ರಂಥಗಳಿಂದಲೇ ಬಂದಿದೆ.

ಶಾಸ್ತ್ರದ ಈ ಮಾತು ಬಾಳಿನಲ್ಲಿ ಹೇಗೆ ನಿಜವಾಗುತ್ತದೆಂಬುದನ್ನು ತಿಳಿಯಲು ಮಹಾತ್ಮಾ ಗಾಂಧಿಯವರ ಜೀವನದ ಎರಡು ಪ್ರಸಂಗಗಳನ್ನು ನೋಡೋಣ. ಮೊದಲನೆಯದು ಅವರು ವಿದ್ಯಾರ್ಥಿಯಾಗಿದ್ದಾಗ ನಡೆದುದು. ಎರಡನೆಯದು ಅವರ ಮುಪ್ಪಿನಲ್ಲಿ.

ರೈಲುನಿಲ್ದಾಣದಲ್ಲಿ ಒಂದು ಚರ್ಚೆ

ಚಾರ್ಲ್ಸ್ ಬ್ರಾಡ್ಲಾ ಇಂಗ್ಲೆಂಡಿನ ಪ್ರಖ್ಯಾತ ನಾಸ್ತಿಕರು. ೧೮೮೦ರಲ್ಲಿ ಅವರು ನಾರ್ಥಾಂಪ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. ದೇವರ ಹೆಸರಿನಲ್ಲಿ ಪ್ರಮಾಣಮಾಡುವುದಕ್ಕೆ ಬದಲಾಗಿ ಸತ್ಯನಿಷ್ಠೆಯ ದೃಢವಚನವನ್ನು ಕೊಡಲು ಅವಕಾಶ ಬೇಡಿದರು. ಅದು ದೊರೆಯಲಿಲ್ಲ. ಕ್ಷೇತ್ರದ ಮತದಾರರು ಅವರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿದರೂ ೧೮೮೬ರವರೆಗೆ ಅವರು ತಮ್ಮ ಸ್ಥಾನದಲ್ಲಿ ನೆಲೆಯಾಗಿ ಕುಳಿತುಕೊಳ್ಳಲಾಗಲಿಲ್ಲ. ಕೊನೆಗೆ ೧೮೮೮ರ ಕಾಯಿದೆಯಿಂದ, ನಂಬದವನು ದೃಢವಚನವನ್ನು ಕೊಟ್ಟರೆ ಸಾಕೆಂಬುದು ಅಲ್ಲಿ ಸ್ಥಿರವಾಯಿತು. ಬ್ರಾಡ್ಲಾ ಅವರು ಭಾರತೀಯರ ಮಿತ್ರರಾಗಿದ್ದರು. ೧೮೮೯ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು.

೧೮೯೧ರ ಜನವರಿ ೩೦ರಂದು ಅವರು ತೀರಿಕೊಂಡಾಗ ಲಂಡನ್ನಿನಲ್ಲಿದ್ದ ಭಾರತೀಯರು ಅಂತ್ಯಕ್ರಿಯೆಗೆ ಹೋದರು. ಅವರಲ್ಲಿ ಕಾನೂನು ಓದುತ್ತಿದ್ದ ೨೧ ವರ್ಷದ ಗಾಂಧಿಯವರೂ ಒಬ್ಬರು. ಅಲ್ಲಿಗೆ ಕೆಲವು ಕ್ರೈಸ್ತ ಪಾದ್ರಿಗಳೂ ಬಂದಿದ್ದರೆಂಬುದು ಗಮನಿಸತಕ್ಕ ಸಂಗತಿ. ತಮ್ಮ ದೇವರನ್ನು ಬಾಳೆಲ್ಲ ಅಲ್ಲಗಳೆದ ಮನುಷ್ಯನಿಗೆ ಅವರು ಕೊನೆಯ ಗೌರವವನ್ನು ಸಲ್ಲಿಸಿದರು.

ಹಿಂದಿರುಗುವಾಗ ನಿಲ್ದಾಣದಲ್ಲಿ ನಡೆದುದನ್ನು ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಾಸ್ತಿಕನೊಬ್ಬನು ಒಬ್ಬ ಪಾದ್ರಿಯನ್ನು ಜನರ ಮುಂದೆ ಪ್ರಶ್ನಿಸತೊಡಗಿದನು. ದೇವರಿದ್ದಾನೆಂದು ನಂಬುವಿರಾ ಎಂದು ಕೇಳಿದನು. ನಂಬುವೆನೆಂದು ಪಾದ್ರಿ ಹೇಳಿದರು. ಭೂಮಿಯ ಸುತ್ತಳತೆ ೨೮,೦೦೦ ಮೈಲಿ ಎಂಬುದನ್ನೂ ಒಪ್ಪುವಿರಷ್ಟೆ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಅವನಿರುವುದೆಲ್ಲಿ ಎಂದು ಸವಾಲು ಹಾಕಿದನು. ನಮ್ಮಿಬ್ಬರ ಹೃದಯದಲ್ಲಿಯೂ ಇದ್ದಾನೆಂದು ಪಾದ್ರಿ ಮೆಲ್ಲನೆ ನುಡಿದರು. ತನ್ನನ್ನು ಮಗುವೆಂದು ತಿಳಿಯಬೇಡಿರೆಂದು ಅವನು ಅಣಕಿಸಿ, ಗೆದ್ದವನಂತೆ ಸುತ್ತಲಿದ್ದವರ ಕಡೆ ನೋಡಿದನು. ಪಾದ್ರಿ ವಿನಯದಿಂದ ಸುಮ್ಮನಾದರು.

ಈ ಚರ್ಚೆಯ ಫಲವೇನು? ನಾಸ್ತಿಕವಾದದ ವಿಷಯದಲ್ಲಿ ತಮಗಿದ್ದ ಅರುಚಿಯು ಇದರಿಂದ ಹೆಚ್ಚಾಯಿತೆಂದು ಗಾಂಧಿಯವರು ಬರೆಯುತ್ತಾರೆ. ಪ್ರಶ್ನಿಸಿದವನು ಮಾತಿನಲ್ಲಿ ಗೆದ್ದನು, ಕೇಳುವವರ ಮನಸ್ಸಿನಲ್ಲಿ ಸೋತನು. ಇನ್ನೊಂದು ವಿನೋದವನ್ನೂ ಇಲ್ಲಿ ಕಾಣಬಹುದು. ಭೂಮಿಯ ಸುತ್ತಳತೆ ಸುಮಾರು ೨೪,೯೦೦ ಮೈಲಿ, ಎಂದರೆ ಸುಮಾರು ೪೦,೦೦೦ ಕಿಲೋಮೀಟರು. ಅವನು ಹೇಳಿದ ಲೆಕ್ಕವೇ ತಪ್ಪಾಗಿತ್ತು! ಎದುರಾಳಿಯನ್ನು ನಗೆಗೀಡುಮಾಡುವ ಆತುರದಲ್ಲಿರುವವನು ತನ್ನ ಮಾತನ್ನು ತೂಗಿನೋಡುವುದನ್ನು ಮರೆಯುತ್ತಾನೆ.

ಗೋರಾ ಮತ್ತು ಗಾಂಧಿ

ಎರಡನೆಯ ಪ್ರಸಂಗದ ನಾಯಕರು ಗೋಪರಾಜು ರಾಮಚಂದ್ರರಾಯರು. 'ಗೋರಾ' ಎಂಬ ಹೆಸರಿನಿಂದ ಪ್ರಸಿದ್ಧರಾದವರು. ಅವರು ೧೯೦೨ರ ನವೆಂಬರ್ ೧೫ರಂದು ಗಂಜಾಮಿನ ಛತ್ರಪುರದಲ್ಲಿ ಒಂದು ತೆಲುಗು ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಸಸ್ಯಶಾಸ್ತ್ರದಲ್ಲಿ ಎಂ. ಎ. ಪದವಿಯನ್ನು ಪಡೆದು ಅಧ್ಯಾಪಕರಾದರು. ವಿಚಾರಮಾಡುತ್ತ ಹೋದಂತೆ ದೇವರಲ್ಲಿ ಅವರ ನಂಬಿಕೆ ಹೋಯಿತು. ಜನಿವಾರವನ್ನು ಬಿಟ್ಟುದಕ್ಕಾಗಿ ತಂದೆಯ ಮನೆಯನ್ನು ಬಿಡಬೇಕಾಯಿತು. ೧೯೩೩ರಲ್ಲಿ ತಮ್ಮ ನಾಸ್ತಿಕ ವಿಚಾರಗಳ ಕಾರಣದಿಂದಲೇ ಕಾಕಿನಾಡದಲ್ಲಿ ಅಧ್ಯಾಪಕನ ಕೆಲಸವನ್ನು ಕಳೆದುಕೊಂಡರು. ಆದರೂ ಅವರು ಕಹಿಯಾಗಲಿಲ್ಲ. ೧೯೪೦ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ, ಪತ್ನಿ ಸರಸ್ವತಿಯವರೊಡನೆ ಅಸ್ಪೃಶ್ಯತಾನಿವಾರಣೆಯ ಕೆಲಸದಲ್ಲಿ ತೊಡಗಿದರು. ೧೯೪೭ರಲ್ಲಿ ಆ ಕೇಂದ್ರವು ವಿಜಯವಾಡಕ್ಕೆ ಬಂದಿತು.

೧೯೩೦ರಲ್ಲಿ ಗೋರಾ ಅವರು ಗಾಂಧಿಯವರಿಗೆ ಪತ್ರ ಬರೆದು, ತಾವು ಬಳಸುವ 'ದೇವರು' ಎಂಬ ಶಬ್ದದ ಅರ್ಥವೇನೆಂದು ಕೇಳಿದರು. ದೇವರು ಮನುಷ್ಯನ ಗ್ರಹಿಕೆಗೆ ಮೀರಿದವನೆಂದು ಚಿಕ್ಕ ಉತ್ತರ ಬಂದಿತು. ೧೯೪೧ರಲ್ಲಿ, ಅಸ್ಪೃಶ್ಯತಾನಿವಾರಣೆಯಲ್ಲಿ ನಾಸ್ತಿಕ ದೃಷ್ಟಿಯ ವಿಷಯವನ್ನು ಮಾತನಾಡಲು ಸಮಯವನ್ನು ಬೇಡಿದರು. ಗಾಂಧಿಯವರು ನಾಸ್ತಿಕವಾದವನ್ನು ಒಪ್ಪದೆ, ಮಾತುಕತೆಗೆ ಸಮಯವಿಲ್ಲವೆಂದು ತಿಳಿಸಿದರು. ಆದರೆ ಗೋರಾ ಅವರ ಕೆಲಸಕ್ಕೆ ಸಿಕ್ಕಿದ ಯಶಸ್ಸು ಅವರ ಪ್ರಾಮಾಣಿಕ ಸೇವೆಯ ಫಲವೆಂಬುದನ್ನು ಹೇಳಲು ಮರೆಯಲಿಲ್ಲ. ಗೋರಾ ಅವರು ಇದನ್ನು ಅವಮಾನವೆಂದು ಎಣಿಸದೆ ಕೆಲಸವನ್ನು ಮುಂದುವರಿಸಿದರು.

೧೯೪೪ರ ನವೆಂಬರಿನಲ್ಲಿ ಅವರಿಗೆ ಸೇವಾಗ್ರಾಮದಲ್ಲಿ ಭೇಟಿ ದೊರೆಯಿತು. ದೇವರಿಲ್ಲದ ಮನುಷ್ಯನೊಡನೆ ತಾನು ಏನು ಮಾತನಾಡಲಿ ಎಂದು ಗಾಂಧಿಯವರು ವಿನೋದಮಾಡಿದರು, ಇಬ್ಬರೂ ನಕ್ಕರು. ಈ ನಗೆಗೂ ರೈಲುನಿಲ್ದಾಣದ ನಗೆಗೂ ಇರುವ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಲ್ಲಿ ಒಬ್ಬನು ಇನ್ನೊಬ್ಬನನ್ನು ನೋಡಿ ನಕ್ಕನು. ಇಲ್ಲಿ ಇಬ್ಬರೂ ಕೂಡಿ ನಕ್ಕರು.

ಅನಂತರ ಗೋರಾ ಅವರು ತಮ್ಮ ಪಕ್ಷವನ್ನು ಮರೆಮಾಚದೆ ಹೇಳಿದರು. ೧೯೪೩ರ ಬಂಗಾಳದ ಕ್ಷಾಮದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ, ತಿಂಡಿಯ ಅಂಗಡಿಗಳ ಹತ್ತಿರವೇ, ಜನ ಹಸಿವಿನಿಂದ ಸತ್ತುದನ್ನು ಅವರು ಕಂಡಿದ್ದರು. ಎಲ್ಲವೂ ದೈವೇಚ್ಛೆ, ಹಣೆಯ ಬರಹ ಎಂಬ ಭಾವನೆಯು ಬಡವನ ಕೈಯನ್ನೂ ಕಟ್ಟುತ್ತದೆ, ಉಳ್ಳವನ ಮನಸ್ಸನ್ನೂ ಕಲ್ಲಾಗಿಸುತ್ತದೆ. ಮನುಷ್ಯನು ತನ್ನ ಹೊಣೆಯನ್ನು ತಾನೇ ಹೊರಬೇಕು ಎಂಬುದು ಅವರ ವಾದದ ಸಾರವಾಗಿತ್ತು. ದಿನವೂ ಪ್ರಾರ್ಥನೆಮಾಡುವ, ರಾಮನಾಮವನ್ನೇ ಬಲವೆಂದು ನಂಬಿದ ೭೫ ವರ್ಷದ ಹಿರಿಯರು ಇದನ್ನು ತಾಳ್ಮೆಯಿಂದ ಕೊನೆಯವರೆಗೆ ಕೇಳಿದರು.

ಕೇಳಿದ ಮೇಲೆ, ಆ ಮಾತಿನಲ್ಲಿ ಒಂದು ಆದರ್ಶವನ್ನು ಕಾಣುತ್ತೇನೆಂದು ಗಾಂಧಿಯವರು ಒಪ್ಪಿಕೊಂಡರು. ತಮ್ಮ ಆಸ್ತಿಕ್ಯವೇ ಸರಿ, ಗೋರಾ ಅವರ ನಾಸ್ತಿಕ್ಯ ತಪ್ಪು ಎಂದು ಹೇಳಲಾರೆನೆಂದೂ, ಇಬ್ಬರೂ ಸತ್ಯವನ್ನು ಹುಡುಕುವವರೆಂದೂ, ತಪ್ಪೆಂದು ಕಂಡಾಗ ದಾರಿಯನ್ನು ಬದಲಿಸುವವರೆಂದೂ ಹೇಳಿದರು. ಮುಂದೆ ತಾವು ಅವರ ದಾರಿಗೆ ಬರಬಹುದು, ಅವರು ತಮ್ಮ ದಾರಿಗೆ ಬರಬಹುದು, ಅಥವಾ ಇಬ್ಬರೂ ಮೂರನೆಯ ದಾರಿಯನ್ನು ಹಿಡಿಯಬಹುದು ಎಂದರು. ಅವರ ರೀತಿ ತಮ್ಮದಕ್ಕೆ ವಿರುದ್ಧವಾದರೂ ಕೆಲಸಕ್ಕೆ ನೆರವಾಗುವೆನೆಂದು ಮಾತುಕೊಟ್ಟರು.

ಗಾಂಧಿಯವರು ರಾಮನಾಮವನ್ನು ಬಿಟ್ಟರೇ? ಇಲ್ಲ. ಗೋರಾ ಅವರು ದೇವರನ್ನು ನಂಬಿದರೇ? ಅದೂ ಇಲ್ಲ, ೧೯೭೫ರಲ್ಲಿ ತೀರಿಕೊಳ್ಳುವವರೆಗೆ ಅವರು ನಾಸ್ತಿಕರಾಗಿಯೇ ಬಾಳಿದರು. ಗೌರವವೆಂದರೆ ತನ್ನ ನಿಲುವನ್ನು ಸಡಿಲಿಸುವುದಲ್ಲ; ಇನ್ನೊಬ್ಬನಿಗೂ ನಿಲ್ಲಲು ನೆಲವಿದೆಯೆಂದು ಒಪ್ಪುವುದು.

ವಿವಾಹದ ಪ್ರತಿಜ್ಞೆ

ಗೌರವವು ಬರಿಯ ಮಾತಲ್ಲವೆಂಬುದು ಮುಂದಿನ ಸಂಗತಿಯಿಂದ ತಿಳಿಯುತ್ತದೆ. ಗೋರಾ ಅವರು ತಮ್ಮ ಹಿರಿಯ ಮಗಳು ಮನೋರಮಾ ಅವರನ್ನು ಅಸ್ಪೃಶ್ಯರೆನಿಸಿಕೊಂಡ ಜನಾಂಗದ ಅರ್ಜುನರಾವ್ ಎಂಬ ಯುವಕರಿಗೆ ಕೊಟ್ಟು ಮದುವೆಮಾಡಲು ನಿಶ್ಚಯಿಸಿದರು. ಗಾಂಧಿಯವರು ಸಂತೋಷಪಟ್ಟು, ಮದುವೆ ಸೇವಾಗ್ರಾಮದಲ್ಲಿಯೇ ಆಗಲೆಂದರು. ಆಗ ಒಂದು ತೊಡಕು ಬಂದಿತು. ಆಶ್ರಮದ ವಿವಾಹವಿಧಿಯಲ್ಲಿ ದೇವರ ಹೆಸರಿತ್ತು. ವಧುವಿನ ಮನೆಯವರು ದೇವರನ್ನು ನಂಬುವವರಲ್ಲ. ಅವರು 'ದೇವರು' ಎಂಬಲ್ಲಿ 'ಸತ್ಯ' ಎಂದು ಹೇಳಲೆಂದು ಗಾಂಧಿಯವರು ಒಪ್ಪಿದರು. ದೇವರೇ ಸತ್ಯ ಎನ್ನುತ್ತಿದ್ದವರು ೧೯೩೧ರ ಹೊತ್ತಿಗೇ ಸತ್ಯವೇ ದೇವರು ಎನ್ನತೊಡಗಿದ್ದರು. ನಾಸ್ತಿಕನೂ ಸತ್ಯವನ್ನು ಅಲ್ಲಗಳೆಯಲಾರನೆಂಬುದು ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲೊಂದು.

ಮದುವೆಗೆ ಮುಂಚೆಯೇ, ೧೯೪೮ರ ಜನವರಿ ೩೦ರಂದು, ಗಾಂಧಿಯವರು ಹತರಾದರು. ಆದರೂ ಅವರ ಮಾತು ಉಳಿಯಿತು. ಅದೇ ವರ್ಷದ ಮಾರ್ಚಿಯಲ್ಲಿ ವಿವಾಹವು ಸೇವಾಗ್ರಾಮದಲ್ಲಿಯೇ ನೆರವೇರಿತು. ಈ ಸ್ನೇಹದ ಕಥೆಯನ್ನು ಗೋರಾ ಅವರು ಇಂಗ್ಲಿಷಿನಲ್ಲಿ ಬರೆದರು. ೧೯೫೧ರಲ್ಲಿ ಅದನ್ನು ಪ್ರಕಟಿಸಿದವರು ಗಾಂಧಿಯವರೇ ಸ್ಥಾಪಿಸಿದ ನವಜೀವನ ಸಂಸ್ಥೆಯವರು.

ಸಂವಿಧಾನ ಸಭೆಯಲ್ಲಿ

ಇಬ್ಬರು ವ್ಯಕ್ತಿಗಳ ನಡುವೆ ಸಾಧ್ಯವಾದುದು ಒಂದು ದೇಶಕ್ಕೆ ಸಾಧ್ಯವೇ? ೧೯೪೯ರ ಅಕ್ಟೋಬರ್ ೧೭ರಂದು ಈ ಪ್ರಶ್ನೆ ನಮ್ಮ ಸಂವಿಧಾನ ಸಭೆಯ ಮುಂದೆ ಬಂದಿತು. ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು, ಸಂವಿಧಾನದ ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿಯನ್ನು ಮಂಡಿಸಿದರು. ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೆಯವರು ತಾವು ದೈವಭಕ್ತರಾಗಿದ್ದರೂ, ನಂಬುವ ಅಥವಾ ನಂಬದಿರುವ ಹಕ್ಕು ಪ್ರತಿಯೊಬ್ಬನಿಗೂ ಇರುವುದರಿಂದ ಇದು ಬಲವಂತವಾಗುತ್ತದೆಂದು ವಿರೋಧಿಸಿದರು. ಹೃದಯನಾಥ ಕುಂಜ್ರೂ ಅವರು, ನಂಬಿಕೆಯ ಸ್ವಾತಂತ್ರ್ಯವನ್ನು ಸಾರುವ ಪ್ರಸ್ತಾವನೆಗೆ ಇದು ಒಪ್ಪುವುದಿಲ್ಲವೆಂದರು. ದೇವರ ವಿಷಯದಲ್ಲಿ ಮತಹಾಕುವ ಸಂಕಟಕ್ಕೆ ಸಭೆಯನ್ನು ಗುರಿಮಾಡಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಕೊನೆಗೆ ಮತಗಣನೆ ನಡೆದು, ಪರವಾಗಿ ೪೧, ವಿರುದ್ಧವಾಗಿ ೬೮ ಮತಗಳು ಬಂದು ತಿದ್ದುಪಡಿ ಬಿದ್ದುಹೋಯಿತು.

ಇದು ನಾಸ್ತಿಕರ ಗೆಲವೆಂದು ತಿಳಿಯಬಾರದು. ನಂಬದವನ ಪರವಾಗಿ ಅಲ್ಲಿ ನಂಬುವವರೇ ಮಾತನಾಡಿದರು. ಅದೇ ಸಂವಿಧಾನದ ೩ನೆಯ ಅನುಸೂಚಿಯಲ್ಲಿ ಮಂತ್ರಿಗಳೂ ಸಂಸತ್ ಸದಸ್ಯರೂ ಸ್ವೀಕರಿಸುವ ಪ್ರಮಾಣವಚನಕ್ಕೆ ಎರಡು ರೂಪಗಳಿವೆ. ನಂಬುವವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ನಂಬದವನು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ತೂಕ ಒಂದೇ. ಬ್ರಾಡ್ಲಾ ಅವರು ವರ್ಷಗಟ್ಟಲೆ ಹೋರಾಡಬೇಕಾಗಿ ಬಂದ ಅವಕಾಶವು ನಮ್ಮ ಗಣರಾಜ್ಯದಲ್ಲಿ ಮೊದಲ ದಿನದಿಂದಲೇ ಇದೆ.

ನಾವು ಕಲಿಯತಕ್ಕದ್ದು

ಈ ಪ್ರಸಂಗಗಳಿಂದ ನಾಲ್ಕು ನಿಯಮಗಳನ್ನು ನಾವು ಹೊರತೆಗೆಯಬಹುದು.

ಮೊದಲನೆಯದು, ಉತ್ತರಕೊಡುವ ಮುನ್ನ ಎದುರಿನವನ ಮಾತನ್ನು ಅವನು ಒಪ್ಪುವಂತೆ ನಮ್ಮ ಬಾಯಿಂದ ಹೇಳಿನೋಡಬೇಕು. ಹಾಗೆ ಹೇಳಲು ಬಾರದಿದ್ದರೆ ನಮಗೆ ಅದಿನ್ನೂ ಅರ್ಥವಾಗಿಲ್ಲವೆಂದೇ ತಿಳಿಯಬೇಕು.

ಎರಡನೆಯದು, ಅಭಿಪ್ರಾಯವನ್ನು ಪರೀಕ್ಷಿಸಬಹುದು, ಮನುಷ್ಯನನ್ನು ಹೀನೈಸಬಾರದು. ನಂಬುವವರೆಲ್ಲ ಮೂಢರೆನ್ನುವುದೂ, ನಂಬದವರೆಲ್ಲ ನೀತಿಗೆಟ್ಟವರೆನ್ನುವುದೂ ಒಂದೇ ತಕ್ಕಡಿಯ ಎರಡು ತಪ್ಪುಗಳು.

ಮೂರನೆಯದು, ಬಲವಂತ ಸಲ್ಲದು. ಒಲ್ಲದವನ ಕೈಯನ್ನು ಹಿಡಿದು ಮುಗಿಸಿದರೆ ಭಕ್ತಿ ಹುಟ್ಟುವುದಿಲ್ಲ. ಭಕ್ತನನ್ನು ಅಣಕಿಸಿದರೆ ವಿಚಾರಶಕ್ತಿ ಹುಟ್ಟುವುದಿಲ್ಲ.

ನಾಲ್ಕನೆಯದು, ಕೂಡಿ ಮಾಡಬಹುದಾದ ಒಳ್ಳೆಯ ಕೆಲಸವನ್ನು ಹುಡುಕಬೇಕು. ಗಾಂಧಿ–ಗೋರಾ ಅವರನ್ನು ಹತ್ತಿರ ತಂದುದು ದೇವರ ವಿಷಯವಾದ ಒಮ್ಮತವಲ್ಲ, ಅಸ್ಪೃಶ್ಯತೆಯನ್ನು ತೊಲಗಿಸುವ ಕೆಲಸ. ಆ ಕೆಲಸಕ್ಕೆ ಇಬ್ಬರ ಹೆಗಲೂ ಬೇಕಾಗಿತ್ತು.

ಗೌರವವೆಂದರೆ ಮೌನವಲ್ಲವೆಂಬುದನ್ನೂ ನೆನಪಿಡಬೇಕು. ನಂಬಿಕೆಯ ಹೆಸರಿನಲ್ಲಿ ಯಾರಿಗಾದರೂ ಅನ್ಯಾಯವಾಗುತ್ತಿದ್ದರೆ ಅದನ್ನು ಅನ್ಯಾಯವೆಂದು ಹೇಳಲೇಬೇಕು. ಗೋರಾ ಅವರು ಗಾಂಧಿಯವರ ಮುಂದೆ ಕ್ಷಾಮದ ಮಾತನ್ನು ನುಂಗಿಕೊಳ್ಳಲಿಲ್ಲ. ವಿನಯವಿದ್ದಲ್ಲಿ ಸತ್ಯಕ್ಕೆ ಕೇಳುವ ಕಿವಿ ದೊರೆಯುತ್ತದೆ.

ತಾಯಿತಂದೆಗಳಲ್ಲಿಯೂ ಒಂದು ವಿಜ್ಞಾಪನೆ. ದೇವರನ್ನು ಯಾರು ಮಾಡಿದರೆಂದು ಮಗುವು ಕೇಳಿದರೆ ಅದು ಉದ್ಧಟತನವಲ್ಲ, ಅರಳುತ್ತಿರುವ ಬುದ್ಧಿಯ ಲಕ್ಷಣ. ತಿಳಿದಷ್ಟನ್ನು ಹೇಳಿರಿ, ತಿಳಿಯದಿದ್ದರೆ, "ನನಗೂ ಗೊತ್ತಿಲ್ಲ ಮಗೂ, ನಾನು ನಂಬಿರುವುದು ಹೀಗೆ" ಎನ್ನಿರಿ. ಗದರಿಕೆಯಿಂದ ಪ್ರಶ್ನೆ ಸಾಯುವುದಿಲ್ಲ. ಅದು ಮನೆಯೊಳಗೆ ಕೇಳುವುದನ್ನು ಬಿಟ್ಟು ಹೊರಗೆ ಹೋಗುತ್ತದೆ. ಗೋರಾ ಅವರಂಥ ಮಗನು ತಂದೆಯ ಹೊಸ್ತಿಲನ್ನು ದಾಟಿ ಹೋಗಬೇಕಾದುದನ್ನು ನೆನೆದರೆ ಇದರ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಇನ್ನು ಆ ಗ್ರಹಣದ ದಿನಕ್ಕೆ ಹಿಂದಿರುಗೋಣ. ಮುಂದಿನ ಗ್ರಹಣದಲ್ಲಿ ಆ ಹುಡುಗನು ಅಜ್ಜಿಯ ಬಳಿ ಕುಳಿತು, "ನೀನು ಚಿಕ್ಕವಳಾಗಿದ್ದಾಗ ಮನೆಯಲ್ಲಿ ಏನು ಮಾಡುತ್ತಿದ್ದರು ಅಜ್ಜೀ?" ಎಂದು ಕೇಳಲಿ. ಅವಳು ಹೇಳಿ ಮುಗಿಸಿದ ಮೇಲೆ ಒಂದು ದೀಪ, ಒಂದು ನಿಂಬೆಹಣ್ಣು, ಒಂದು ಗೋಲಿಯನ್ನು ತಂದು ನೆರಳು ಬೀಳುವ ಬಗೆಯನ್ನು ತೋರಿಸಲಿ. ಅಜ್ಜಿಯು ಅದನ್ನು ನೋಡಿದ ಮೇಲೂ ದರ್ಭೆಯನ್ನು ಇಡಬಹುದು, ಇಡದಿರಬಹುದು; ಅದು ಅವಳಿಗೆ ಬಿಟ್ಟುದು. ಆದರೆ ಅಂದಿನ ಊಟದ ಪಂಕ್ತಿಯಲ್ಲಿ ಮಾತು ನಿಂತಿರುವುದಿಲ್ಲ.

ಅಭ್ಯಾಸ

೧. ವಾದ, ಜಲ್ಪ, ವಿತಂಡಗಳಿಗಿರುವ ವ್ಯತ್ಯಾಸವೇನು? ನೀವು ಕೇಳಿದ ಒಂದು ಚರ್ಚೆಯು ಯಾವ ಬಗೆಗೆ ಸೇರುತ್ತದೆಂಬುದನ್ನು ಕಾರಣಸಹಿತ ಬರೆಯಿರಿ.

೨. ರೈಲುನಿಲ್ದಾಣದ ಚರ್ಚೆಯಿಂದ ಗಾಂಧಿಯವರ ಮನಸ್ಸಿನ ಮೇಲೆ ಆದ ಪರಿಣಾಮವೇನು? ಗೋರಾ ಅವರೊಡನೆ ನಡೆದ ಮಾತುಕತೆಯ ಪರಿಣಾಮ ಬೇರೆಯಾಗಲು ಕಾರಣವೇನು?

೩. ದೇವಭಕ್ತರಾದ ಸದಸ್ಯರೂ ಕಾಮತರ ತಿದ್ದುಪಡಿಯನ್ನು ಏಕೆ ವಿರೋಧಿಸಿದರು?

೪. ನಿಮ್ಮ ಮನೆಯ ಹಿರಿಯರೊಬ್ಬರಿಗೆ ಇರುವ, ನೀವು ಒಪ್ಪದ ಒಂದು ನಂಬಿಕೆಯನ್ನು ಅವರಿಂದಲೇ ಕೇಳಿ ತಿಳಿದು, ಅವರು ಮೆಚ್ಚುವಂತೆ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಬರೆದುದನ್ನು ಅವರಿಗೆ ಓದಿಹೇಳಿರಿ.